ಬಣ್ಣದೆಲೆಯ ಬಿಗೋನಿಯಾ: ಗಿಡ ಕುಳ್ಳಗೆ, ದಟ್ಟವಾಗಿ ಬೆಳೆಯಲು

ಬಣ್ಣದೆಲೆಗಾಗಿ ಬೆಳೆಸುವ ರೆಕ್ಸ್ ಬಿಗೋನಿಯಾ ಹೆಚ್ಚಾಗಿ ಸಾಯುವುದು ಅತಿಯಾದ ನೀರಿನಿಂದ. ಇದರ ದಪ್ಪ ಕಾಂಡ ಮಣ್ಣಿನ ಮೇಲೆಯೇ ಅಡ್ಡಲಾಗಿ ಹಬ್ಬುತ್ತದೆ, ಬೇರು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ 10–12 ಸೆಂ.ಮೀ. ಅಗಲದ, ಆಳವಿಲ್ಲದ ಕುಂಡ ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿದು ಕಾಂಡ ಕೊಳೆಯುತ್ತದೆ. ಎರಡು ಪಾಲು ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿ) ಒಂದೊಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಹರಳು), ಎರೆಗೊಬ್ಬರ ಬೆರೆಸಿ. ನೆಡುವಾಗ ಕಾಂಡವನ್ನು ಹೂಳಬೇಡಿ.

ಮೇಲಿನ 2 ಸೆಂ.ಮೀ. ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮಣ್ಣು ಹದವಾಗಿದ್ದೂ ಎಲೆಯಂಚು ಕಂದಾಗಿ ಗರಿಗರಿಯಾದರೆ ಸಾಮಾನ್ಯವಾಗಿ ಒಣ ಹವೆಯೇ ಕಾರಣ. ಆಗ ಎಲೆಗಳಿಗೆ ನೀರು ಚಿಮುಕಿಸಬೇಡಿ, ಎಲೆಚುಕ್ಕೆ ರೋಗ ಬರಬಹುದು. ಬದಲಿಗೆ, ಸುತ್ತಲ ಹವೆ ತೇವವಾಗಿರಲು ಬೇರೆ ಗಿಡಗಳ ಜೊತೆ ಗುಂಪಾಗಿಡಿ.

ಬಿಸಿಲು ನೇರವಾಗಿ ಬೀಳದ, ಬೆಳಕು ಚೆನ್ನಾಗಿರುವ ಕಿಟಕಿ ಬೇಕು. ಎಲೆಯ ತೊಟ್ಟು ಉದ್ದವಾಗಿ ಗಿಡ ಜೋಲುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ.

ಕುಂಡದಾಚೆ ಚಾಚಿದ ಕಾಂಡದ ತುದಿಯನ್ನು ಧೈರ್ಯವಾಗಿ ಕತ್ತರಿಸಿ; ಹಿಂದಿನ ಗೆಣ್ಣುಗಳು ಚಿಗುರಿ ಗಿಡ ದಟ್ಟವಾಗುತ್ತದೆ. ಆ ತುಂಡನ್ನು ಅದೇ ಮಿಶ್ರಣದ ಮೇಲೆ ಅಡ್ಡ ಮಲಗಿಸಿದರೆ ಬೇರು ಬಿಡುತ್ತದೆ.

15 ಡಿಗ್ರಿಗಿಂತ ತಂಪಾದರೆ ಎಲೆ ಉದುರಬಹುದು. ಕಾಂಡ ಗಟ್ಟಿಯಾಗಿದ್ದರೆ ಗಿಡ ಎಸೆಯಬೇಡಿ. ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ, ಬೆಚ್ಚಗಾಗುವವರೆಗೆ ಕಾಯಿರಿ.