ಆಫೀಸಿನಲ್ಲಿ ಕೇಕ್ ಇಲ್ಲದ ಐದು ವರ್ಷ

"ಹುಬ್ಬಳ್ಳಿಯೊಳಗ ಹುಟ್ಟಿದ ದಿನಾ ಮುಚ್ಚಿಡಾಕ ಆಗ್ತದೇನೋ?" ಅಂದವರು ಇನ್ನೂ ಪಕ್ಕದ ಟೇಬಲ್ಲಿನಲ್ಲೇ ಕೂರುತ್ತಾರೆ. ಈ ವರ್ಷವೂ ಅವರಿಗೆ ನನ್ನ ಹುಟ್ಟುಹಬ್ಬ ಗೊತ್ತಾಗಲಿಲ್ಲ. ಕೇಕ್ ಇಲ್ಲ, ಮುಖಕ್ಕೆ ಕ್ರೀಮ್ ಇಲ್ಲ, "ಪಾರ್ಟಿ ಎಲ್ಲಿ?" ಇಲ್ಲ. ಹೀಗೆ ಐದು ವರ್ಷ; ಅದಕ್ಕೂ ಹಿಂದಿನ ಮೂರು ವರ್ಷ ಸೋತದ್ದೇ ಸೋತದ್ದು.

ಮೊದಲ ತಪ್ಪು, ಆ ದಿನ ರಜೆ ಹಾಕುವುದು. ಒಂದು ವರ್ಷ ನಡೆಯುತ್ತದೆ. ಎರಡನೇ ವರ್ಷವೂ ಅದೇ ತಾರೀಖಿಗೆ ಸಿ.ಎಲ್. ಬಿದ್ದರೆ ರಜೆ ಲೆಕ್ಕ ಇಡುವವರಿಗೆ ಅಷ್ಟೇ ಸಾಕು. ರಜೆ ಬೇಕೇ ಬೇಕೆಂದರೆ ಒಂದು ವರ್ಷ ಹಿಂದಿನ ದಿನ, ಇನ್ನೊಂದು ವರ್ಷ ಮೂರು ದಿನ ಬಿಟ್ಟು. ಆ ದಿನ ಮಾತ್ರ ಹಳೇ ಅಂಗಿ, ರೊಟ್ಟಿ ಡಬ್ಬಿ, ಎಂದಿನ ಹೊತ್ತಿಗೇ ಹಾಜರಿ. ನುಗ್ಗಿಕೇರಿ ಹನುಮಪ್ಪನ ದರ್ಶನ ಸಂಜೆಗೆ. ಶನಿವಾರ ಅಲ್ಲದ ದಿನ ಬೆಳಗ್ಗೆ ಹಣೆಯ ಮೇಲೆ ಕುಂಕುಮ ಕಂಡರೆ ಮಂದಿ ಕೇಳದೇ ಬಿಡುವುದಿಲ್ಲ.

ಎರಡನೆಯದು ಎಚ್.ಆರ್. ಸಾಫ್ಟ್‌ವೇರ್. ಬೆಳಗ್ಗೆ ಇಡೀ ಆಫೀಸಿಗೆ ತಾನಾಗಿಯೇ ಶುಭಾಶಯದ ಮೇಲ್ ಹಾಕುವುದು ಅದೇ. ಪಿ.ಎಫ್.ಗೆ ಹೋಗುವ ಜನ್ಮದಿನಾಂಕವನ್ನು ಮಾತ್ರ ಮುಟ್ಟಬೇಡಿ: ಆಧಾರ್ ಜತೆ ಹೊಂದದಿದ್ದರೆ ಮುಂದೆ ಕ್ಲೇಮ್ ತಿರಸ್ಕಾರವಾಗಿ, ಜಾಯಿಂಟ್ ಡಿಕ್ಲರೇಷನ್ (ನೌಕರ, ಕಂಪನಿ ಸೇರಿ ಕೊಡುವ ತಿದ್ದುಪಡಿ ಅರ್ಜಿ) ಹಿಡಿದು ಅಲೆಯಬೇಕಾಗಬಹುದು. ಆದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ದಾಖಲೆಯ ದಿನಾಂಕ, ನಿಜವಾದ ದಿನಾಂಕ ಎಂದು ಎರಡು ಖಾನೆ ಇರುತ್ತವೆ. ನಮ್ಮದರಲ್ಲಿ ಮೇಲ್ ಹೋಗುವುದು ಎರಡನೆಯದನ್ನು ನೋಡಿ. ಅದರಲ್ಲಿ ನವೆಂಬರ್ 1 ಹಾಕಿ ನೋಡಿದೆ, ಹೇಗೂ ರಾಜ್ಯೋತ್ಸವದ ರಜೆ ಅಂತ. ಕೆಟ್ಟ ಉಪಾಯ. ರಾಜ್ಯೋತ್ಸವದ ಶುಭಾಶಯದ ಜತೆಗೇ ನನ್ನದೂ ಗ್ರೂಪಿಗೆ ಬಂತು, ಮರುದಿನ ಸುಳ್ಳು ಹುಟ್ಟುಹಬ್ಬಕ್ಕೆ ಎರಡು ಕಿಲೋ ಪೇಡೆ ತರಬೇಕಾಯಿತು. ಸಾವಿರದ ಆಸುಪಾಸು ರೊಕ್ಕ ನೀರಿಗೆ. ಫೆಬ್ರವರಿ 29 ಕೂಡ ನೋಡಿದೆ. ಹುಟ್ಟಿದ ವರ್ಷ ಅಧಿಕ ವರ್ಷ ಅಲ್ಲದಿದ್ದರೆ ಖಾನೆ ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಕೊನೆಗೆ ಫಲ ಕೊಟ್ಟದ್ದು ಸರಳ ದಾರಿ: ಶುಭಾಶಯದ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಎಚ್.ಆರ್.ಗೆ ಒಂದು ಮೇಲ್. ಆ ಮೇಲಿನಲ್ಲಿ ಏನು ಕಾರಣ ಬರೆದೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಮುಂದೆಯೂ ಬೇಕಾಗುತ್ತದೆ.

ಮಂದಿ ಮರೆಯುವುದು ಗುಂಪು ವಿಮೆಯ ಹಾಳೆ. ಎಲ್ಲರ ಹೆಸರು, ಜನ್ಮದಿನಾಂಕ ಒಂದೇ ಗೂಗಲ್ ಶೀಟಿನಲ್ಲಿ ತುಂಬಿಸುತ್ತಾರೆ. ಕಾಲಂ ಮರೆಮಾಡಿದರೆ ಆಯಿತು ಅಂದುಕೊಳ್ಳಬೇಡಿ. ಹಾಳೆಯ ಪ್ರತಿ ಮಾಡಿಕೊಂಡವರು ಅದನ್ನು ಬಿಚ್ಚಿ ನೋಡಬಹುದು. ನಿಮ್ಮ ವಿವರ ಬೇರೆ ಮೇಲಿನಲ್ಲಿ ಕಳಿಸಿ, ಹಾಳೆಯಲ್ಲಿ "ಕೊಟ್ಟಾಗಿದೆ" ಎಂದಷ್ಟೇ ಬರೆಯಿರಿ. ಟ್ರಿಪ್ಪಿಗೆ ಹೋಗುವಾಗ ಲಾಡ್ಜಿಗೆಂದು ಎಲ್ಲರ ಆಧಾರ್ ಗ್ರೂಪಿಗೆ ಹಾಕಿಸುವುದೂ ಹೀಗೇ. ಮಾಸ್ಕ್ಡ್ ಆಧಾರ್ ಮುಚ್ಚುವುದು ಮೊದಲ ಎಂಟು ಅಂಕಿಗಳನ್ನು, ಜನ್ಮದಿನಾಂಕವನ್ನಲ್ಲ. ಪ್ಯಾನ್, ಲೈಸೆನ್ಸ್ ಮೇಲೂ ಅದು ಇದ್ದೇ ಇದೆ. ಕೌಂಟರಿನಲ್ಲಿ ನೀವೇ ತೋರಿಸಿ.

ಫೇಸ್‌ಬುಕ್ಕಿನಲ್ಲಿ ದಿನ-ತಿಂಗಳಿಗೆ ಒಂದು, ವರ್ಷಕ್ಕೆ ಇನ್ನೊಂದು ಸೆಟ್ಟಿಂಗ್; ಎರಡನ್ನೂ "ನನಗೆ ಮಾತ್ರ" ಮಾಡಬೇಕು. ಲಿಂಕ್ಡ್‌ಇನ್ನಿನಲ್ಲೂ ಮರೆಯಬೇಡಿ. ಇಷ್ಟು ಮಾಡಿಯೂ ಸಿಕ್ಕಿಬಿದ್ದದ್ದು ಹಳೇ ಗೋಡೆಯಿಂದ: ಏಳೆಂಟು ವರ್ಷದ ಹಿಂದಿನ "ಹ್ಯಾಪಿ ಬರ್ತ್‌ಡೇ" ಪೋಸ್ಟುಗಳು ತಾರೀಖಿನ ಸಮೇತ ಕೂತಿದ್ದವು. ಒಂದೊಂದಾಗಿ ಅಳಿಸಿ. ಹಾಗೇ ಯು.ಪಿ.ಐ. ಐ.ಡಿ. ಕೊನೆಯ ನಾಲ್ಕು ಅಂಕಿ, ಬೈಕಿನ ಫ್ಯಾನ್ಸಿ ನಂಬರ್ ಹುಟ್ಟಿದ ತಾರೀಖೇ ಆಗಿದೆಯೇನೋ ನೋಡಿಕೊಳ್ಳಿ. ಚಹಾದ ರೊಕ್ಕ ಹಾಕುವವರೆಲ್ಲ ಆ ಐ.ಡಿ. ನೋಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ತೂತು ಮನೆಯವರ ವಾಟ್ಸಾಪ್ ಸ್ಟೇಟಸ್. ಅವಳಿ ನಗರದಲ್ಲಿ ಸಹೋದ್ಯೋಗಿಯ ಹೆಂಡತಿ ನಿಮ್ಮ ಅಕ್ಕನ ಓಣಿಯವಳೇ ಆಗಿರುತ್ತಾಳೆ. ಸ್ಟೇಟಸ್ ಹಾಕಬೇಡಿ ಎಂದರೆ ಮನೆಯಲ್ಲಿ ಜಗಳ. ಯಾರಿಗೆ ಕಾಣಬಾರದೋ ಅವರನ್ನು ಬಿಟ್ಟು ಹಾಕುವ ಸೆಟ್ಟಿಂಗನ್ನು ನೀವೇ ಕೂತು ಮಾಡಿಕೊಡಿ. ಬ್ಯಾಂಕು, ಬಂಗಾರದ ಅಂಗಡಿಯವರ ಮೆಸೇಜು ಬೆಳಗ್ಗೆಯೇ ಶುರುವಾಗುತ್ತವೆ, ಹಿಂದಿನ ರಾತ್ರಿಯೇ ಲಾಕ್ ಸ್ಕ್ರೀನಿನಲ್ಲಿ ವಿಷಯ ಕಾಣದಂತೆ ಮಾಡಿ. ಧಾರವಾಡದಿಂದ ನಾಲ್ಕು ಮಂದಿ ಒಂದೇ ಕಾರಿನಲ್ಲಿ ಬರುವುದಾದರೆ ಬ್ಲೂಟೂತ್ ಬಿಡಿಸಿ. ಇಲ್ಲವಾದರೆ ನವನಗರ ದಾಟುವುದರೊಳಗೆ ಸೋದರಮಾವನ ದನಿ ಸ್ಪೀಕರಿನಲ್ಲಿ.

ಇನ್ನು ರೊಕ್ಕದ ಮಾತು. ಎಲ್ಲ ಕಿಂಡಿ ಮುಚ್ಚಿದರೂ, ಜಿಪುಣ ಎನಿಸಿಕೊಂಡವನ ತಾರೀಖನ್ನು ಮಂದಿ ಹಟ ಹಿಡಿದು ಹುಡುಕುತ್ತಾರೆ. ಅದಕ್ಕೇ ಉಳಿದವರ ಹುಟ್ಟುಹಬ್ಬದ ವಂತಿಗೆಗೆ ಮೊದಲು ರೊಕ್ಕ ಹಾಕುವುದು ನಾನೇ. ನಾವು ಇಪ್ಪತ್ತೆರಡು ಮಂದಿ, ತಲಾ ನೂರರಂತೆ ವರ್ಷಕ್ಕೆ ಎರಡು ಸಾವಿರದ ನೂರು. ಹಿಂದೆ ಇದರ ಮೇಲೆ ಗಿರ್ಮಿಟ್ಟು, ಮಿರ್ಚಿ, ಕೇಕ್ ಸೇರಿ ಇನ್ನೂ ಎರಡೂವರೆ-ಮೂರು ಸಾವಿರ ಹೋಗುತ್ತಿತ್ತು. ಈಗ ದಸರೆಯ ಮರುದಿನ ಬನ್ನಿ ಕೊಡುವಾಗ ಜತೆಗೆ ಪೇಡೆ ಹಂಚುತ್ತೇನೆ, ಏಳೆಂಟು ನೂರರಲ್ಲಿ ಮುಗಿಯುತ್ತದೆ. "ಇಂವಾ ಕೊಟ್ಟಾನ" ಎಂಬುದಷ್ಟೇ ನೆನಪಿರುತ್ತದೆ, ಯಾವುದಕ್ಕೆ ಕೊಟ್ಟ ಎಂಬುದಲ್ಲ. ಈ ಬನ್ನಿ ಉಪಾಯ ಸೇರಿದ ಮೇಲೆಯೇ ಉಳಿದದ್ದೆಲ್ಲ ನಿಂತದ್ದು.

ನೇರವಾಗಿ ಕೇಳಿದರೆ? ಸುಳ್ಳು ತಾರೀಖು ಬೇಡ, ನೆನಪಿಟ್ಟುಕೊಳ್ಳಬೇಕಾಗುತ್ತದೆ. "ನಮ್ಮಲ್ಲಿ ತಿಥಿ ನೋಡಿ ಮಾಡ್ತೇವ್ರಿ" ಅನ್ನಿ. ಚಾಂದ್ರಮಾನ ತಿಥಿ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, 2023ರ ಅಧಿಕ ಶ್ರಾವಣದಂಥ ಮಾಸ ಬಂದರೆ ಮತ್ತೆ ಮುಂದಕ್ಕೆ. ಪಂಚಾಂಗ ತೆಗೆದು ಹುಡುಕುವವರು ಈವರೆಗೆ ಸಿಕ್ಕಿಲ್ಲ.

ಸರ್ಕಾರಿ ನೌಕರರಿಗೆ ಇದು ಅರ್ಧ ಮಾತ್ರ ಕೆಲಸ ಮಾಡುತ್ತದೆ, ಜ್ಯೇಷ್ಠತಾ ಪಟ್ಟಿಯಲ್ಲಿ ಜನ್ಮದಿನಾಂಕ ಅಚ್ಚಾಗಿರುತ್ತದಲ್ಲ. ಅಲ್ಲಿ ಜೂನ್ 1 ಇದ್ದವರೇ ಪುಣ್ಯವಂತರು: "ಅದು ಸಾಲೀ ಮಾಸ್ತರ ಬರೆದದ್ದರೀ" ಅಂದರೆ ಮುಗಿಯಿತು, ಪಾರ್ಟಿ ಕೇಳಲಿಕ್ಕೆ ಬಂದವನದೂ ಅದೇ ತಾರೀಖು ಇರುತ್ತದೆ.