ಕುರ್ಚಿ ಸರಿಯಿದ್ದರೂ ಕುತ್ತಿಗೆ ನೋವೇ? ಮನಸ್ಸಿನ ಒತ್ತಡವನ್ನೂ ನೋಡಿ

ಕುರ್ಚಿ, ಮೇಜು ಎಲ್ಲ ಅಳತೆಗೆ ಸರಿಯಾಗಿದ್ದರೂ ಸಂಜೆಯ ಹೊತ್ತಿಗೆ ಹೆಗಲು ಬಿಗಿದುಕೊಂಡಿರುತ್ತದೆಯೇ? ಗಡುವು ಹತ್ತಿರವಾದಂತೆ ಕುತ್ತಿಗೆಯಿಂದ ಭುಜದವರೆಗಿನ ಸ್ನಾಯು ಅರಿವಿಲ್ಲದೆಯೇ ಸೆಟೆದುಕೊಳ್ಳುತ್ತದೆ, ಮೌಸ್ ಮೇಲಿನ ಹಿಡಿತ ಗಟ್ಟಿಯಾಗುತ್ತದೆ, ಕಣ್ಣು ಮಿಟುಕಿಸುವುದೂ ಕಡಿಮೆಯಾಗುತ್ತದೆ.

ಮೊದಲು ಅಳತೆ ಮುಗಿಸಿಬಿಡಿ. ಪಾದ ಪೂರ್ತಿ ನೆಲಕ್ಕೆ ತಾಗಲಿ, ಮೊಣಕೈ 90ರಿಂದ 110 ಡಿಗ್ರಿ ಮಡಚಿರಲಿ. ಪರದೆ ಒಂದು ತೋಳಿನಷ್ಟು ದೂರವಿದ್ದು, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಲಿ.

ಕಷ್ಟವಿರುವುದು ಮುಂದೆ. ಏಕಾಗ್ರತೆ ಹೆಚ್ಚಿದಂತೆ ತಲೆ ಪರದೆಯತ್ತ ಜಾರುತ್ತದೆ. 4-5 ಕಿಲೋ ತೂಗುವ ತಲೆ ಮುಂದೆ ಬಾಗಿದಷ್ಟೂ ಕುತ್ತಿಗೆಯ ಹಿಂಭಾಗಕ್ಕೆ ಹೊರೆ. ನೆಟ್ಟಗೆ ಕೂರಬೇಕೆಂಬ ಸಂಕಲ್ಪ ಗಮನ ಕೆಲಸಕ್ಕೆ ಮರಳಿದೊಡನೆ ಮರೆತುಹೋಗುತ್ತದೆ. ಹಾಗಾಗಿ ಬಾಗುವ ಅಗತ್ಯವನ್ನೇ ತೆಗೆಯಿರಿ: ಅಕ್ಷರದ ಗಾತ್ರ 125 ಪರ್ಸೆಂಟಿಗೆ ಏರಿಸಿ, ಕಿಟಕಿಯ ಬೆಳಕು ಪರದೆಗೆ ಹೊಡೆಯದಂತೆ ತಿರುಗಿಸಿ.

ಬಿಡುವನ್ನು ಅಲಾರಂಗೆ ಒಪ್ಪಿಸಬೇಡಿ. ಯೋಚನೆಯ ನಡುವೆ ಬಡಿದರೆ ಎರಡೇ ದಿನದಲ್ಲಿ ಅದನ್ನು ಆಫ್ ಮಾಡುತ್ತೀರಿ. ಕರೆ ಮುಗಿದಾಗ, ಇಮೇಲ್ ಕಳಿಸಿದಾಗ ಎದ್ದು ನಿಲ್ಲಿ. ಮೌಸಿನಿಂದ ಕೈ ತೆಗೆದು, ನಿಧಾನವಾಗಿ ಉಸಿರು ಬಿಡುತ್ತಾ ಹೆಗಲು ಇಳಿಸಿ, 20 ಸೆಕೆಂಡು ದೂರ ನೋಡಿ.

ತಂಡ ನಡೆಸುವವರು ಕುರ್ಚಿಯನ್ನು ತಾವೇ ಹೊಂದಿಸಿಕೊಡುವ ಬದಲು, ಅದನ್ನು ಹೊಂದಿಸುವ ಹಿಡಿಕೆ (ಲಿವರ್) ಎಲ್ಲಿದೆಯೆಂದು ತೋರಿಸಿಕೊಡಬೇಕು; ಹಿಡಿತ ಕೂರುವವರ ಕೈಯಲ್ಲೇ ಇರಲಿ. ಕೆಲಸದ ವೇಗದ ಮೇಲೆ, ಬಿಡುವಿನ ಮೇಲೆ ಹಿಡಿತವಿಲ್ಲದವರಲ್ಲಿ ಕುತ್ತಿಗೆ, ಬೆನ್ನಿನ ನೋವು ಹೆಚ್ಚಾಗಿ ಕಾಣುತ್ತದೆ. ದುಬಾರಿ ಕುರ್ಚಿ ಕೊಟ್ಟು ಬಿಡುವು ಕಸಿದುಕೊಂಡರೆ ಏನೂ ಸಿಗದು.

ಬೆರಳು ಪದೇಪದೇ ಜೋಮು ಹಿಡಿಯುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ವೈದ್ಯರಿಗೆ ತೋರಿಸಿ.