‘ಗೆಟ್ ಲಕ್ಕಿ’ ನನ್ನ ಕೈಗೆ ಹತ್ತಿದ ಬಗೆ

2013ರ ಏಪ್ರಿಲ್ 19ರಂದು ಡಾಫ್ಟ್ ಪಂಕ್ ಜೋಡಿಯ ‘ಗೆಟ್ ಲಕ್ಕಿ’ ಹಾಡು ಬಿಡುಗಡೆಯಾದಾಗ ನಾನು ಬೆಂಗಳೂರಿನಲ್ಲಿ ಶನಿವಾರದ ಸಂಜೆಗಳಲ್ಲಿ ಪಾಪ್ ಹಾಡುಗಳನ್ನು ನುಡಿಸುತ್ತಿದ್ದ ಸಣ್ಣ ತಂಡವೊಂದರ ಗಿಟಾರ್ ವಾದಕನಾಗಿದ್ದೆ. ಪ್ಯಾರಿಸ್‌ನ ಆ ಇಬ್ಬರು 2010ರಲ್ಲಿ ಒಂದು ಚಿತ್ರಕ್ಕೆ ಸಂಗೀತ ನೀಡಿದ್ದನ್ನು ಬಿಟ್ಟರೆ, 2005ರಿಂದೀಚೆಗೆ ಸ್ಟುಡಿಯೊ ಆಲ್ಬಮ್ ತಂದಿರಲಿಲ್ಲ. ರೋಬೋಗಳಂತೆ ಶಿರಸ್ತ್ರಾಣ ತೊಟ್ಟು, ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಕತ್ತರಿಸಿ ಜೋಡಿಸಿ ಹೆಸರಾದವರು ಮರಳಿ ಬರುವಾಗ ನಂಬಿದ್ದು ಮನುಷ್ಯರ ಕೈಗಳನ್ನು: ಗಿಟಾರ್‌ಗೆ ನೈಲ್ ರಾಜರ್ಸ್, ಬಾಸ್‌ಗೆ ನೇಥನ್ ಈಸ್ಟ್, ಡ್ರಮ್ಸ್‌ಗೆ ಒಮರ್ ಹಕೀಮ್, ಹಾಡಲು ಫರೆಲ್ ವಿಲಿಯಮ್ಸ್.

ಬಿಡುಗಡೆಗೆ ಮೊದಲು, ಮಾರ್ಚ್‌ನಲ್ಲಿ, ಅಮೆರಿಕದ ಟಿವಿಯಲ್ಲಿ ಬಂದ, ಈ ಹಾಡಿನ ತುಣುಕಿದ್ದ 15 ಸೆಕೆಂಡಿನ ಜಾಹೀರಾತನ್ನೇ ಅಭಿಮಾನಿಗಳು ಮತ್ತೆ ಮತ್ತೆ ಜೋಡಿಸಿ ಕೇಳುತ್ತಿದ್ದರು. ಹೀಗಾಗಿ ನಾವು ಅದನ್ನು ಮೊದಲ ಸಲ ವೇದಿಕೆಯ ಮೇಲೆ ನುಡಿಸುವ ಹೊತ್ತಿಗೆ ಎದುರಿಗಿದ್ದವರಿಗೆ ಹಾಡು ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಹಾಡಿದರು, ಆದರೆ ಯಾರೂ ಕುಣಿಯಲಿಲ್ಲ. ತಪ್ಪು ನನ್ನದು. ಇರುವುದು ನಾಲ್ಕೇ ಸ್ವರಮೇಳಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳು (ಬಿ ಮೈನರ್, ಡಿ, ಎಫ್ ಶಾರ್ಪ್ ಮೈನರ್, ಇ). ಅವು ಮೊದಲಿನಿಂದ ಕೊನೆಯವರೆಗೆ ಸುತ್ತುತ್ತಲೇ ಇರುವುದರಿಂದ ಒಂದು ಮಧ್ಯಾಹ್ನದಲ್ಲಿ ಕಲಿತೆನೆಂದು ಬೀಗಿದ್ದೆ.

ಕಷ್ಟವಿರುವುದು ಬಲಗೈಯಲ್ಲಿ. ನಿಮಿಷಕ್ಕೆ 116 ಬಡಿತ, ಪ್ರತಿ ಬಡಿತಕ್ಕೆ ನಾಲ್ಕು ಚಲನೆ, ಅಂದರೆ ಮಣಿಕಟ್ಟು ನಿಮಿಷಕ್ಕೆ 464 ಬಾರಿ ಮೇಲೆ ಕೆಳಗೆ ಆಡಬೇಕು, ಆದರೆ ತಂತಿಯಿಂದ ಸ್ವರ ಹೊರಡುವುದು ಅವುಗಳಲ್ಲಿ ಕೆಲವು ಸಲ ಮಾತ್ರ. ಉಳಿದ ಹೊತ್ತು ಎಡಗೈ ಬೆರಳುಗಳು ಒತ್ತುವುದನ್ನು ಸಡಿಲಿಸಿ ತಂತಿಯ ಮೇಲೆ ಸುಮ್ಮನೆ ಮಲಗಿರುತ್ತವೆ. ಆಗ ಬರುವ ‘ಚಿಕ್’ ಎಂಬ ಸ್ವರವಿಲ್ಲದ ಸದ್ದೇ ಕೇಳುವವರ ಕಾಲನ್ನು ಎಬ್ಬಿಸುವುದು. ನಾನು ಆರು ತಂತಿಗಳನ್ನೂ ಬಾರಿಸುತ್ತ ಬಾಸ್‌ನ ಜಾಗವನ್ನೆಲ್ಲ ತುಂಬಿಬಿಟ್ಟಿದ್ದೆ. ತಂತಿ ಮೀಟುವ ತೆಳುವಾದ ಪಿಕ್ ತಂದು, ಮೇಲಿನ ಸ್ಥಾಯಿಯ ಮೂರು ತಂತಿಗಳಿಗೆ ಮಾತ್ರ ಇಳಿದು, ಬಡಿತದ ವೇಗ ತೋರಿಸುವ ಮೆಟ್ರೊನೋಮನ್ನು 80ಕ್ಕೆ ಇಟ್ಟು ಆರಂಭಿಸಿದವನಿಗೆ 116 ಮುಟ್ಟಲು ಐದು ವಾರ ಬೇಕಾಯಿತು. ಹಾಡಿನ ಯಂತ್ರಧ್ವನಿಯ ಭಾಗವನ್ನು, ದನಿಯನ್ನು ಹಾಗೆ ಮಾರ್ಪಡಿಸುವ ವೋಕೋಡರ್ ಇಲ್ಲದ ಕಾರಣ, ನಮ್ಮ ಕೀಬೋರ್ಡ್ ವಾದಕ ಹೇಗೋ ನಿಭಾಯಿಸಿದ.

ಜೂನ್‌ನ ಒಂದು ಶನಿವಾರ ಎರಡನೇ ಸುತ್ತು ಮುಗಿಯುವ ಮೊದಲೇ ಕುರ್ಚಿಗಳು ಗೋಡೆಗೆ ಸರಿದವು. ಆ ಹೊತ್ತಿಗೆ ಬ್ರಿಟನ್‌ನಲ್ಲಿ ಹಾಡು ಮೊದಲ ಸ್ಥಾನ ಕಂಡಾಗಿತ್ತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮಾತ್ರ ಅದು ಎರಡಕ್ಕಿಂತ ಮೇಲೇರಲಿಲ್ಲ. ಅದನ್ನು ತಡೆದು ನಿಂತ ‘ಬ್ಲರ್ಡ್ ಲೈನ್ಸ್’ ಹಾಡಿನಲ್ಲಿಯೂ ಫರೆಲ್ ವಿಲಿಯಮ್ಸ್ ಇದ್ದದ್ದು ನಮ್ಮ ಅಭ್ಯಾಸದ ಕೋಣೆಯಲ್ಲಿ ಬಹುಕಾಲದ ನಗೆಯ ವಿಷಯವಾಗಿತ್ತು. 2014ರ ಜನವರಿಯಲ್ಲಿ ಇದಕ್ಕೆ ವರ್ಷದ ಧ್ವನಿಮುದ್ರಣದ ಗ್ರ್ಯಾಮಿ ಬಂತು. ಹಾಡು ಎಲ್ಲಿಯೂ ಬೆಳೆಯುವುದಿಲ್ಲ, ಹೇಳಿದ್ದನ್ನೇ ಹೇಳುತ್ತದೆ ಎಂಬ ದೂರನ್ನು ನಾನು ಗೆಳೆಯರ ಬಾಯಲ್ಲಿ ಸಾಕಷ್ಟು ಕೇಳಿದ್ದೇನೆ. ಸಾಹಿತ್ಯದ ಮಟ್ಟಿಗೆ ನಾನೂ ಒಪ್ಪುತ್ತೇನೆ. ಸ್ವರದ ಮಟ್ಟಿಗೆ ಒಪ್ಪುವುದಿಲ್ಲ.

ಅದಕ್ಕೆ ಕಾರಣ ಪಿಟೀಲು ಕಲಿತ ನನ್ನ ಅಕ್ಕ. ಮನೆಯಲ್ಲಿ ಅಭ್ಯಾಸ ಮಾಡುವಾಗ ಆಕೆ ಒಳಗಿನಿಂದ ಬಂದು, “ಇದರ ಷಡ್ಜ ಎಲ್ಲಿದೆ?” ಎಂದು ಕೇಳಿದಳು. ಬಿ ಎಂದೆ. ಶ್ರುತಿಪೆಟ್ಟಿಗೆಯನ್ನು ಬಿ ಸ್ವರಕ್ಕೆ ಇಟ್ಟಾಗ ಹಾಡಿನ ಸ್ವರಗಳು ಖರಹರಪ್ರಿಯ ರಾಗವಾದವು. ಎಫ್ ಶಾರ್ಪ್‌ಗೆ ತಿರುಗಿಸಿದರೆ ಅವೇ ಸ್ವರಗಳು ನಠಭೈರವಿ ರಾಗ. ಷಡ್ಜವನ್ನು ಬದಲಿಸಿದಾಗ ಅವೇ ಸ್ವರಗಳು ಬೇರೆ ರಾಗವಾಗುವ ಈ ಗ್ರಹಭೇದವನ್ನು ಪಾಠದಲ್ಲಿ ಕೇಳಿದ್ದ ನನಗೆ ಅದು ನಾಲ್ಕು ಸ್ವರಮೇಳಗಳ ಹಾಡೊಂದರಲ್ಲಿ, ಎರಡು ಮನೆಗಳ ನಡುವೆ ಓಡಾಡುತ್ತ ಎಲ್ಲಿಯೂ ಕೂರದೆ ಸಿಗುತ್ತದೆಂಬ ಕಲ್ಪನೆ ಇರಲಿಲ್ಲ. ಆ ಜೋಡಿ 2021ರ ಫೆಬ್ರುವರಿಯಲ್ಲಿ ಬೇರ್ಪಟ್ಟಿತು, ನಮ್ಮ ತಂಡ ಅದಕ್ಕೂ ಮೊದಲೇ ಚದುರಿತ್ತು. ಅಕ್ಕ ಈಗಲೂ ಎಫ್ ಶಾರ್ಪ್ ಎನ್ನುತ್ತಾಳೆ, ನಾನು ಬಿ ಎನ್ನುತ್ತೇನೆ.